ಬೀಳ್ಕೊಟ್ಟ ಮೇಲೆ ಕಳೆದ ಪಾಸ್‌ಪೋರ್ಟ್

ಮಾರ್ಚ್ 15, ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಪ್ರೊಫೆಸರ್ ಇಸಿಂಗೋಮಾ ಫೋರ್ಟ್ ಪೋರ್ಟಲ್ ಪೇಟೆಯಂಚಿನ ಪೊಲೀಸ್ ಠಾಣೆಗೆ ನಡೆದುಕೊಂಡೇ ಬಂದರು. ಹಿಂದಿನ ರಾತ್ರಿ ಮನೆಯಿಂದ ಸೂಟ್‌ಕೇಸ್ ಕಳುವಾಗಿದೆ ಎಂಬುದು ಅವರ ದೂರು. ಅದರಲ್ಲಿ ಪಾಸ್‌ಪೋರ್ಟ್, ವಿಮಾನದ ಟಿಕೆಟ್, ಬಟ್ಟೆಗಳು ಮತ್ತು ಬೂದುಬಣ್ಣದ ಒಂದು ದಪ್ಪ ಕೋಟು ಇದ್ದವು.

ಇಸಿಂಗೋಮಾ ಅರವತ್ತೊಂದರ ಹಿರಿಯ ವಿಜ್ಞಾನಿ. ಬಾಳೆಯನ್ನು ಒಣಗಿಸುವ ರೋಗದ ಬಗ್ಗೆ ಅವರಷ್ಟು ತಿಳಿದವರು ಆ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಹೊರದೇಶದ ವಿಶ್ವವಿದ್ಯಾಲಯವೊಂದು ಅವರನ್ನು ಒಂದು ವರ್ಷದ ಮಟ್ಟಿಗೆ ಕರೆದಿತ್ತು. ಸಂಬಳ, ಮನೆ, ಪ್ರಯೋಗಾಲಯ ಎಲ್ಲವನ್ನೂ ಅದೇ ಕೊಡುತ್ತಿತ್ತು. ಶನಿವಾರ ರಾತ್ರಿ ಎಂಟೆಬ್ಬೆ ನಿಲ್ದಾಣದಿಂದ ವಿಮಾನ. ಹೋದ ಭಾನುವಾರ ಚರ್ಚಿನ ಅಂಗಳದಲ್ಲಿ ನಡೆದ ಬೀಳ್ಕೊಡುಗೆ ಊಟದಲ್ಲಿ ಇನ್ಸ್‌ಪೆಕ್ಟರ್ ಕಿಸೆಂಬೊ ಕೂಡ ಎರಡು ಸಲ ಬಡಿಸಿಕೊಂಡು ಉಂಡಿದ್ದ.

"ಬಾಗಿಲು ಒಡೆದಿದ್ದಾರಾ?" ಕಿಸೆಂಬೊ ಕೇಳಿದ.

"ಇಲ್ಲ."

"ಇನ್ನೊಂದು ಕೀಲಿ ಯಾರ ಹತ್ರ ಇದೆ?"

"ವಾಚ್‌ಮನ್ ಬಲಿಂದಾನ ಹತ್ರ. ಆದ್ರೆ ಅವನು ಅಂಥೋನಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೂ ಇಲ್ಲ ಅಂತ ಬರ್ಕೊಳ್ಳಿ."

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಕಾನ್‌ಸ್ಟೇಬಲ್ ಬಿರುಂಗಿ ಅಧ್ಯಾಪಕರ ವಸತಿಗೃಹಗಳ ಹತ್ತಿರ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನೆರೆಯವರು ಬಲಿಂದಾನನ್ನು ಗೇಟಿನ ಮುಂದೆ ಕೆಡವಿಕೊಂಡು ಹೊಡೆಯುತ್ತಿದ್ದರು. ಪ್ರೊಫೆಸರರ ಕಿಟಕಿಯ ಪರದೆ ಎಳೆದಿತ್ತು. ಬಿರುಂಗಿ ಅವನನ್ನು ಜೀಪಿಗೆ ಹಾಕಿಕೊಂಡಳು. ಅದು ಬಂಧನ ಅನ್ನುವುದಕ್ಕಿಂತ ಜೀವ ಉಳಿಸಿದ್ದು. ಆಸ್ಪತ್ರೆಯಲ್ಲಿ ಮುರಿದ ಎಡಗೈಗೆ ಪಟ್ಟಿ ಕಟ್ಟಿಸಿ ಲಾಕಪ್ಪಿಗೆ ತಂದಳು. ನಲವತ್ತೆಂಟು ಗಂಟೆಯೊಳಗೆ, ಅಂದರೆ ಭಾನುವಾರದೊಳಗೆ, ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಡಬೇಕು. ನಿಲ್ಲಿಸಿದರೆ ಅವನ ಕೆಲಸವೂ ಹೋಗುತ್ತದೆ, ಇರುವ ಒಂದು ಕೋಣೆಯೂ ಹೋಗುತ್ತದೆ.

ಅವನ ಹೆಂಡತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. "ಪಾಸ್‌ಪೋರ್ಟ್ ತಗೊಂಡು ನನ್ನ ಗಂಡ ಎಲ್ಲಿಗೆ ಹೋಗ್ಬೇಕು ಅಫಾಂಡೆ, ಸಾಹೇಬ್ರೇ? ಅವನು ಕಂಪಾಲಾನೇ ನೋಡಿಲ್ಲ," ಎಂದಳು ಇನ್ಸ್‌ಪೆಕ್ಟರನಿಗೆ.

ಅದು ಕಿಸೆಂಬೊಗೂ ಹೊಳೆದಿತ್ತು. "ಪಾಸ್‌ಪೋರ್ಟ್ ಇಲ್ಲಿ ಯಾರೂ ಕೊಳ್ಳಲ್ಲ. ಕೋಟು ಕೊಳ್ತಾರೆ. ನಾಳೆ ಹಳೇ ಬಟ್ಟೆ ಸಂತೆ ಒಂದು ಸುತ್ತು ಹಾಕಿ ಬಾ," ಎಂದು ಬಿರುಂಗಿಗೆ ಹೇಳಿದ.

ಶನಿವಾರ ಹತ್ತೂವರೆಗೆ ಅಕೀಕಿ ಎಂಬಾಕೆಯ ಅಂಗಡಿಯಲ್ಲಿ ಬೂದುಬಣ್ಣದ ಕೋಟು ತೂಗಾಡುತ್ತಿತ್ತು. ದೂರಿನಲ್ಲಿ ಹೇಳಿದಂತೆಯೇ ತೋಳಿನ ಒಂದು ಗುಂಡಿ ಮಾತ್ರ ಕಪ್ಪು.

"ಇದನ್ನ ತಂದೋರು ಯಾರಕ್ಕ?"

"ಯಾಕೆ, ಪೊಲೀಸರಿಗೂ ಚಳಿ ಶುರುವಾಯ್ತಾ?"

"ಇದು ಕಳ್ಳಮಾಲು."

"ಬಾಯಿ ತೊಳ್ಕೊಂಡು ಮಾತಾಡು ಮಗಳೇ. ಪ್ರೊಫೆಸರ್ ಇಸಿಂಗೋಮಾ ಅವರೇ ಕೈಯಾರೆ ತಂದುಕೊಟ್ಟದ್ದು. ನನ್ನ ಹತ್ರಾನೇ ಕೊಂಡಿದ್ರು, ನನ್ನ ಹತ್ರಾನೇ ತಂದ್ರು. ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ್ರು. ಚಳಿದೇಶಕ್ಕೆ ಹೋಗೋರು ಯಾರಾದ್ರೂ ಬಂದ್ರೆ ಕೊಡು ಅಂದ್ರು."

"ಯಾವತ್ತು?"

"ಮಂಗಳವಾರ. ಅವತ್ತು ಬಟ್ಟೆಯ ಹೊಸ ಗಂಟು ಬಿಚ್ತೀವಲ್ಲ. ನಾನು ಗಂಟಿನ ಮೇಲೇ ಕೂತಿದ್ದೆ."

ಗುರುವಾರ ರಾತ್ರಿ ಕಳುವಾದ ಕೋಟು ಮಂಗಳವಾರವೇ ಸಂತೆಗೆ ಬಂದಿತ್ತು. ಬಿರುಂಗಿ ಅಕೀಕಿಯ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿದಳು.

ಎರಡೂವರೆಗೆ ಕಿಸೆಂಬೊ, ಬಿರುಂಗಿ ಇಬ್ಬರೂ ವಿಶ್ವವಿದ್ಯಾಲಯದ ಬಾಳೆತೋಟಕ್ಕೆ ಹೋದರು. ಒಳಗೆ ಹೋಗುವವರು ರೋಗ ಹರಡದಂತೆ ಬಾಗಿಲಲ್ಲೇ ಮದ್ದಿನ ನೀರಿನಲ್ಲಿ ಬೂಟು ಅದ್ದಬೇಕು. ಇಬ್ಬರೂ ಅದ್ದಿದರು. ಪ್ರೊಫೆಸರ್ ಒಂದು ಗಿಡ ಕಡಿದು, ಇನ್ನೊಂದನ್ನು ಮುಟ್ಟುವ ಮೊದಲು ಕತ್ತಿಯನ್ನು ಬೆಂಕಿಗೆ ಹಿಡಿದಿದ್ದರು.

"ಕೋಟು ಸಿಕ್ತು," ಎಂದ ಕಿಸೆಂಬೊ.

ಎಲ್ಲಿ ಎಂದು ಅವರು ಕೇಳಲಿಲ್ಲ.

"ಬಲಿಂದಾನ ಕೈ ಎರಡು ಕಡೆ ಮುರಿದಿದೆ."

"ಗೊತ್ತು. ನಿನ್ನೆ ಆಸ್ಪತ್ರೆ ಹೊರಗೆ ನಿಂತಿದ್ದೆ. ಒಳಗೆ ಹೋಗೋಕಾಗ್ಲಿಲ್ಲ."

"ನಾಳೆ ಅವನನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಲಾ?"

ಪ್ರೊಫೆಸರ್ ಕತ್ತಿಯನ್ನು ಕೆಳಗಿಟ್ಟರು. "ಬೇಡ. ಸೋಮವಾರ ವೀಸಾ ಕೊಡಲ್ಲ ಅಂದುಬಿಟ್ರು."

"ಅಷ್ಟು ಹೇಳಿದ್ರೆ ಮುಗೀತಿತ್ತಲ್ಲ ಸಾರ್."

"ಯಾರಿಗೆ ಹೇಳ್ಲಿ? ಭಾನುವಾರ ಹೋರಿ ಕಡಿದು ಊಟ ಹಾಕಿದ್ರು. ಪಾದ್ರಿ ತಲೆ ಮೇಲೆ ಕೈಯಿಟ್ಟು ಹರಸಿದ್ರು. ಶಾಲೆ ಮಕ್ಕಳು ದಾರೀಲಿ ನಿಲ್ಲಿಸಿ, ಅಲ್ಲಿ ಹಿಮ ಹ್ಯಾಗಿರುತ್ತೆ ಅಂತ ಕೇಳ್ತಾವೆ. ಬೇಡ ಅನ್ನಿಸ್ಕೊಂಡೋನು ಅನ್ನೋದಕ್ಕಿಂತ ಕಳಕೊಂಡೋನು ಅನ್ನಿಸ್ಕೊಳ್ಳೋದು ವಾಸಿ ಅಂತ ಕಾಣ್ತು. ಕೋಟನ್ನ ಕೊಟ್ಬಿಟ್ಟಿದ್ದೆ, ಆದ್ರೂ ಚಳಿದೇಶಕ್ಕೆ ಹೊರಟೋನ ಸೂಟ್‌ಕೇಸಲ್ಲಿ ಅದಿಲ್ಲ ಅಂದ್ರೆ ಹ್ಯಾಗೆ ಅಂತ ಅದನ್ನೂ ಬರೆಸಿದೆ. ಕಳ್ಳತನ ಅಂದ್ರೆ ಒಬ್ಬ ಕಳ್ಳ ಬೇಕಾಗ್ತಾನೆ ಅಂತ ನನಗೆ ಹೊಳೀಲೇ ಇಲ್ಲ."

"ನಿನ್ನೆ ಹತ್ತು ಗಂಟೆಗೆ ಹೊಳೀತಲ್ಲ. ಕಿಟಕಿ ಪಕ್ಕದಲ್ಲೇ ಇದ್ರಿ."

"ಇದ್ದೆ," ಎಂದರು ಪ್ರೊಫೆಸರ್. "ಬಾಯೇ ಬರ್ಲಿಲ್ಲ."

ರೋಗದ ಗಿಡಗಳನ್ನು ಹೂಳುವ ಗುಂಡಿಯನ್ನು ಅವರೇ ತೋರಿಸಿದರು. ಅತ್ತ ಯಾರೂ ಕಾಲಿಡುವುದಿಲ್ಲ. ಬಾಳೆದಿಂಡುಗಳ ಕೆಳಗೆ ಪ್ಲಾಸ್ಟಿಕ್ ಸುತ್ತಿದ ಸೂಟ್‌ಕೇಸ್ ಇತ್ತು. ಪಕ್ಕದ ಹೊಲದ ಇಬ್ಬರನ್ನು ಸಾಕ್ಷಿಗೆ ಕರೆದು ಮೂರೂ ನಲವತ್ತಕ್ಕೆ ಪಂಚನಾಮೆ ಮಾಡಲಾಯಿತು. ಟಿಕೆಟ್ ಇತ್ತು. ಅಂಗಿಗಳೆಲ್ಲ ಇಸ್ತ್ರಿಯಾಗಿದ್ದವು. ಪಾಸ್‌ಪೋರ್ಟ್ ಕರವಸ್ತ್ರದಲ್ಲಿ ಮಡಿಸಿತ್ತು. ಸುಳ್ಳು ದೂರು ಕೊಟ್ಟ ಅಪರಾಧಕ್ಕಾಗಿ ಕಿಸೆಂಬೊ ಅವರನ್ನು ಅಲ್ಲೇ ಬಂಧಿಸಿದ. ಕೈಕೋಳ ಹಾಕಲಿಲ್ಲ.

ಐದು ಗಂಟೆಗೆ ಬಲಿಂದಾನ ಬಿಡುಗಡೆಯಾಯಿತು. ಠಾಣೆಯ ಜಗಲಿಯಲ್ಲಿ ಅವನೂ ಪ್ರೊಫೆಸರರೂ ಎದುರಾದರು. ಪ್ರೊಫೆಸರ್ ಮಂಡಿಯೂರಲು ಹೋದರು.

"ಏಳಿ, ಅದೆಲ್ಲ ಬೇಡ," ಎಂದ ಬಲಿಂದಾ. ತುಟಿ ಒಡೆದಿದ್ದರಿಂದ ಮಾತು ತೊದಲುತ್ತಿತ್ತು. "ಯಾರಿಗೂ ಹೇಳೋಕಾಗದಿದ್ರೆ ನನಗಾದ್ರೂ ಹೇಳ್ಬಹುದಿತ್ತು. ದಿನಾ ರಾತ್ರಿ ಗೇಟಲ್ಲಿ ಕೂತೇ ಇರ್ತಿದ್ದೆನಲ್ಲ."

ಅವನ ಹೆಂಡತಿ ಪ್ರೊಫೆಸರರ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಸರಿಯಿದ್ದ ಕೈ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು.

ಒಳಗೆ ಬಿರುಂಗಿ ಬಂಧಿತರ ವಿವರ ತುಂಬಿಸುತ್ತಿದ್ದಳು. ಹೆಸರು, ವಯಸ್ಸು, ಉದ್ಯೋಗ. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ.

"ಮನೆಯಿಂದ ಊಟ ತರೋರು ಯಾರಿದ್ದಾರೆ ಸಾರ್?"

ಪ್ರೊಫೆಸರ್ ಗೋಡೆಗೆ ಒರಗಿದರು. "ವೀಸಾದವರೂ ಇದನ್ನೇ ಕೇಳಿದ್ರು. ಮನೇಲಿ ಯಾರಿದ್ದಾರೆ ಅಂತ. ಹೆಂಡತಿ ತೀರ್ಕೊಂಡ್ಳು, ಮಕ್ಕಳಾಗ್ಲಿಲ್ಲ, ಯಾರೂ ಇಲ್ಲ ಅಂದೆ. ಹಾಗಾದ್ರೆ ನೀವು ವಾಪಸ್ ಬರ್ತೀರಿ ಅಂತ ನಂಬೋದು ಹ್ಯಾಗೆ ಅಂದ್ರು. ಹಿಂದೆ ಎರಡು ಸಲ ಹೋಗಿದ್ದೆ. ಅಲ್ಲೇ ಇರಿ ಅಂತ ಕೇಳ್ಕೊಂಡ್ರು. ಎರಡು ಸಲಾನೂ ಬಂದೆ."

ಬಿರುಂಗಿ ಇನ್ಸ್‌ಪೆಕ್ಟರನ ಕಡೆ ನೋಡಿದಳು. ಅವನು ಹೊರಗೆ ನೋಡುತ್ತಿದ್ದ. ಅವಳು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದಳು.