ಮಿಂಚುಕಣ್ಣಿಗೆ ಹಿಡಿದ ಹದ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಬೆಳ್ಮುಗಿಲೂರು ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಬೊಮ್ಮರಸನಿಗೆ ಕೋವಿಗಳ ಹುಚ್ಚು. ಕಂಡ ಕಂಡ ದೇಶದಿಂದ ತರಿಸುವುದು, ಗೋಡೆಗೆ ನೇತುಹಾಕುವುದು, ಬಂದವರಿಗೆಲ್ಲ ತೋರಿಸಿ ಕೊರೆಯುವುದು, ಇದೇ ಅವನ ಕೆಲಸ. ಅವುಗಳಲ್ಲೆಲ್ಲ ಮೇಲು ಮಿಂಚುಕಣ್ಣಿ ಎಂಬ ಗುರಿಕೋವಿ. ಗಂಧರ್ವಲೋಕದ ಕಮ್ಮಾರ ಮಾಡಿದ್ದು. ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆದು, ಗುಂಡು ಬುಗುರಿಯ ಹಾಗೆ ತಿರುಗುತ್ತ ಹೋಗಿ ನೊಣದ ಮೀಸೆಗೂ ತಗಲುತ್ತದೆ ಎಂದು ಹೇಳಿ ಕೊಟ್ಟಿದ್ದ. ನಿಜವೋ ಸುಳ್ಳೋ, ಹೊಡೆದು ನೋಡಿದವರಿಲ್ಲ. ಹೊಡೆದರೆ ಮಸಿಯಾಗುತ್ತದಲ್ಲ. ರಾಜ ದಿನಾ ಅದಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಮಗಳು ನಾಗಲೆಯ ತಲೆಗೆ ಒಂದು ದಿನವೂ ಅಷ್ಟು ಎಣ್ಣೆ ಹಚ್ಚಿದವನಲ್ಲ.

ಒಮ್ಮೆ ಜಡೆಕರಾಳ ಎಂಬ ಮಾಂತ್ರಿಕ ಅರಮನೆಗೆ ಊಟಕ್ಕೆ ಬಂದ. ಎಲೆ ಹಾಕಿದರು, ಅನ್ನ ಬಡಿಸಿದರು. ಅಷ್ಟರಲ್ಲಿ ರಾಜ ಮಿಂಚುಕಣ್ಣಿಯನ್ನು ತಂದು ಶುರು ಹಚ್ಚಿಕೊಂಡ. ನಳಿಗೆ ಹೀಗೆ, ಹಿಡಿ ಹಾಗೆ, ಗುಂಡು ಹಾರಿಸುವ ಕುದುರೆ ನೋಡಿ, ಕೆತ್ತನೆ ನೋಡಿ. ಸಾರು ಆರಿತು, ತುಪ್ಪ ಹೆಪ್ಪುಗಟ್ಟಿತು. ಮಾಂತ್ರಿಕನಿಗೆ ಕೈ ಎಲೆಗೆ ಇಡಲು ಬಿಡುವೇ ಸಿಗಲಿಲ್ಲ. ಕೊನೆಗೆ ಎದ್ದು ನಿಂತು, "ಹಸಿದವನ ಮುಂದೆ ಕೋವಿ ಹಿಡಿದವನೇ, ನಿನ್ನ ನಾಡಿನ ರುಚಿಯನ್ನೆಲ್ಲ ಒಯ್ಯುತ್ತೇನೆ" ಎಂದ. ಒಯ್ದೇಬಿಟ್ಟ.

ಅಂದಿನಿಂದ ಬೆಳ್ಮುಗಿಲೂರಿನಲ್ಲಿ ಮಾವಿನಹಣ್ಣೂ ಒಂದೇ, ಹೊಟ್ಟೂ ಒಂದೇ. ಮಾಂತ್ರಿಕ ಆ ರುಚಿಯನ್ನು ಒಂದು ಕುಡಿಕೆಗೆ ತುಂಬಿ, ಮಾಟ ಕಟ್ಟಿ ಯಾರೂ ದಾಟದಂತೆ ಮಾಡಿದ ಕಮರಿಯ ಆಚೆಯ ಬೂರುಗದ ಮರಕ್ಕೆ ರೇಷ್ಮೆ ದಾರದಲ್ಲಿ ನೇತುಹಾಕಿದ್ದ. ದಾರ ಕಡಿದರೆ ಕುಡಿಕೆ ಕೆಳಗಿನ ಹೊಳೆಗೆ ಬಿದ್ದು, ರುಚಿ ಮನೆಮನೆಗೂ ಮರಳುತ್ತದೆ. ಗುಂಡು ಕುಡಿಕೆಗೇ ತಗಲಿದರೆ ಎಲ್ಲ ಸುಟ್ಟುಹೋಗುತ್ತದೆ. ಅಮಾವಾಸ್ಯೆ ಕಳೆದರೂ ಅಷ್ಟೇ.

ಮಿಕ್ಕವರು ಹೇಗೋ ನುಂಗಿದರು. ರಾಜನ ತಾಯಿ ಬಾಳಜ್ಜಿ ಮಾತ್ರ ತುತ್ತೆತ್ತಲಿಲ್ಲ. "ಬೂದಿ ತಿಂದ ಹಾಗಾಗುತ್ತೆ ಪುಟ್ಟಿ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಾಯಿಯಿಲ್ಲದ ನಾಗಲೆಗೆ ಉಣಿಸಿ ಬೆಳೆಸಿದವಳು ಆ ಅಜ್ಜಿ. ಅಜ್ಜಿಯ ಬಳೆ ಮೊಣಕೈವರೆಗೆ ಜಾರುವುದನ್ನು ನೋಡಿ ನಾಗಲೆ ನೆಟ್ಟಗೆ ರಾಜನ ಬಳಿ ಹೋದಳು.

"ಅಪ್ಪಾಜಿ, ಮಿಂಚುಕಣ್ಣಿ ಕೊಡಿ" ಎಂದಳು.

"ಗೀರು ಬಿದ್ದರೆ?"

"ಅಜ್ಜಿ ಹೋದರೆ?"

ರಾಜ ಕೋವಿಯನ್ನು ಇನ್ನೊಮ್ಮೆ ಒರೆಸಿದ. ಆಮೇಲೆ ತನಗೇ ನಾಚಿಕೆಯಾಗಿ ಕೋವಿ ಕೊಟ್ಟ.

ನಾಗಲೆ ಕಮರಿಯ ಅಗಲವನ್ನೇ ಬಯಲಿನಲ್ಲಿ ಅಳೆದು, ಅಲ್ಲೊಂದು ಬೂದುಗುಂಬಳ ಇಡಿಸಿದಳು. ಅರಮನೆಯ ಕೋವಿಗೆ ಅರಮನೆಯ ಅಳತೆಯೇ ಬೇಕೆಂದು ಮಂತ್ರಿ ಬೊಗಸೆ ತುಂಬ ಮದ್ದು ಸುರಿದ. ಢಂ ಎಂದಿತು. ಕುಂಬಳ ಕುಂಬಳವಾಗೇ ಇತ್ತು, ಮಂತ್ರಿಯ ಪೇಟ ಮಾತ್ರ ಪಕ್ಕದ ಬೇವಿನ ಮರದಲ್ಲಿತ್ತು. ಆಗ ಮಿಂಚುಕಣ್ಣಿ ಬಾಯಿಬಿಟ್ಟಿತು.

"ಹೊಟ್ಟೆ ಉಬ್ಬರಿಸಿತಮ್ಮ. ಅಷ್ಟು ಯಾರು ತಿಂತಾರೆ?"

ಎರಡನೇ ದಿನ ನಾಗಲೆ ಮದ್ದು ಇಳಿಸಿದಳು, ಗುಂಡು ಸಣ್ಣದು ಮಾಡಿದಳು, ಗುಂಡಿಗೆ ಸುತ್ತುವ ಬಟ್ಟೆಯನ್ನೂ ದಪ್ಪದ್ದು ಹಾಕಿದಳು. ಗುಂಡು ನಾಲ್ಕು ಮಾರು ಹೋಗಿ ಉರುಳಿ ನಿಂತಿತು. ಒಂದು ಮೇಕೆ ಬಂದು ಅದನ್ನು ಮೂಸಿ ಹೋಯಿತು.

"ಇವತ್ತೇನು ಉಪವಾಸವೇ?" ಎಂದಿತು ಕೋವಿ.

ನಾಗಲೆ ಅಜ್ಜಿಯ ಮಂಚದ ಬಳಿ ಕೂತು ಅತ್ತಳು. ಅಜ್ಜಿ ಮೆಲ್ಲಗೆ ಇತ್ತ ಮಗ್ಗುಲು ತಿರುಗಿದಳು.

"ಮದ್ದು ಬದಲಾಯಿಸಿದೆಯಾ?"

"ಹೂಂ."

"ಗುಂಡು?"

"ಅದನ್ನೂ."

"ಬಟ್ಟೆ?"

"ಅದನ್ನೂ ಅಜ್ಜಿ."

"ಸಾರು ಕೆಟ್ಟಿತು ಅಂತ ಉಪ್ಪು, ಹುಳಿ, ಖಾರ ಮೂರೂ ಒಟ್ಟಿಗೆ ಸುರಿದರೆ ಯಾವುದು ಕಮ್ಮಿಯಿತ್ತು ಅಂತ ಯಾರಿಗೆ ಗೊತ್ತಾಗುತ್ತೆ? ಒಂದನ್ನು ಬದಲಾಯಿಸು, ಮಿಕ್ಕದ್ದು ಮುಟ್ಟಬೇಡ. ಒಂದೇ ತುತ್ತಿಗೆ ತೀರ್ಪು ಹೇಳಬೇಡ, ಮೂರು ತುತ್ತು ತಿಂದು ನೋಡು."

ಮೂರನೇ ದಿನ ನಾಗಲೆ ಸಾಸಿವೆ ಅಳೆಯುವ ಪುಟ್ಟ ಚಮಚ ಹಿಡಿದು ಬಯಲಿಗಿಳಿದಳು. ಗುಂಡು ಮೊದಲಿನದೇ, ಬಟ್ಟೆ ಮೊದಲಿನದೇ, ಮದ್ದು ಮಾತ್ರ ಚಮಚ ಚಮಚವಾಗಿ ಏರಿಸುತ್ತ ಹೋದಳು. ಪ್ರತಿ ಅಳತೆಗೂ ಮೂರು ಗುಂಡು. ಮೊದಲ ಮೂರು ಜಗಳವಾಡಿದ ವಾರಗಿತ್ತಿಯರ ಹಾಗೆ ದೂರ ದೂರ ಬಿದ್ದವು. ಆಮೇಲಿನ ಮೂರು ಹತ್ತಿರ ಬಂದವು. ಮುಂದಿನ ಮೂರು ಮಾತಾಡಿಕೊಳ್ಳುವಷ್ಟು ಹತ್ತಿರ. ಇನ್ನೊಂದು ಚಮಚ ಏರಿಸಿದರೆ ಮತ್ತೆ ಚೆಲ್ಲಾಪಿಲ್ಲಿ. ಸರಿ, ಒಂದು ಚಮಚ ಹಿಂದೆ ಬಂದಳು. ಈಗ ಬಟ್ಟೆಯ ಸರದಿ. ಹತ್ತಿ ಬೇಡವೆಂದಿತು, ನಾರುಮಡಿ ಬೇಡವೆಂದಿತು. ತೆಳು ರೇಷ್ಮೆ ಸುತ್ತಿದಾಗ ಮೂರು ಗುಂಡೂ ಒಂದೇ ತೂತಿನಲ್ಲಿ ಹೋದವು.

"ಇದು ಊಟ ಅಂದರೆ" ಎಂದಿತು ಮಿಂಚುಕಣ್ಣಿ.

ಆ ರೇಷ್ಮೆ ರಾಜನ ಪಟ್ಟಾಭಿಷೇಕದ ಶಲ್ಯದ್ದು ಎಂಬುದು ರಾಜನಿಗೆ ಆಮೇಲೆ ತಿಳಿಯಿತು.

ಅಮಾವಾಸ್ಯೆಯ ಸಂಜೆ ಎಲ್ಲರೂ ಕಮರಿಯ ಅಂಚಿಗೆ ಬಂದರು. ಆಚೆ ಮಾಂತ್ರಿಕ ಮಾಟದಿಂದ ಕಾವಲಿಗಿಟ್ಟ ಮೂರು ಕೊಂಬಿನ ಕಾಟಿ, ಅಂದರೆ ಕಾಡುಕೋಣ, ಬೂರುಗದ ಮರಕ್ಕೆ ಮೈಯುಜ್ಜುತ್ತಿತ್ತು. ಅದು ಉಜ್ಜಿದಾಗೆಲ್ಲ ಕುಡಿಕೆ ತೂಗಾಡುತ್ತಿತ್ತು. ಜಡೆಕರಾಳ ಕೊಂಬೆಯ ಮೇಲೆ ಕೂತು ನಗುತ್ತಿದ್ದ.

"ಮಾಂತ್ರಿಕನ ದಾರ ಮಗಳೇ, ಒಂದು ಚಮಚ ಹೆಚ್ಚಿರಲಿ" ಎಂದ ರಾಜ.

"ಬೇಡಿ ಅಪ್ಪಾಜಿ. ಇದರ ಹೊಟ್ಟೆ ನನಗೆ ಗೊತ್ತು."

ನಾಗಲೆ ಬಂಡೆಗೆ ಒರಗಿ ಗುರಿಯಿಟ್ಟಳು. ಅಜ್ಜಿಯ ಜಾರಿದ ಬಳೆ ನೆನಪಾಗಿ ಕೋವಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಕಾಟಿ ಉಜ್ಜಿತು, ಉಜ್ಜಿತು, ಸುಸ್ತಾಗಿ ಒಂದು ಗಳಿಗೆ ನಿಂತಿತು. ತೂಗಾಟ ನಿಂತಿತು.

"ಈಗ" ಎಂದಿತು ಮಿಂಚುಕಣ್ಣಿ.

ದಾರ ಕಡಿಯಿತು. ಕುಡಿಕೆ ಹೊಳೆಗೆ ಬಿತ್ತು. ಊರಿನ ಕಡೆಯಿಂದ ಒಗ್ಗರಣೆಯ ಘಮ ಎದ್ದು ಬಂತು. ಜಡೆಕರಾಳನ ಮಾಟವೂ ಆ ಕುಡಿಕೆಯಲ್ಲೇ ಇತ್ತು, ಅದೂ ಹೊಳೆಯ ಪಾಲಾಯಿತು. ಕಾಟಿ ಬಡಪಾಯಿ ಎಮ್ಮೆಯಾಯಿತು. ಕೊಂಬೆಯ ಮೇಲೆ ಉಳಿದವನು ಹಸಿದ ಮುದುಕನೊಬ್ಬ. ಅವನನ್ನು ಇಳಿಸಿ ಕರೆತಂದರು. ಈ ಸಲ ರಾಜ ಕೋವಿಯ ಸುದ್ದಿ ಎತ್ತದೆ, ತಾನೇ ಸೌಟು ಹಿಡಿದು ಬಿಸಿ ಸಾರು ಬಡಿಸಿದ.

ಬಾಳಜ್ಜಿಯನ್ನು ಎತ್ತಿ ಕೂರಿಸಿದರು. ನಾಗಲೆ ಕಲಸಿದ ತುತ್ತು ಬಾಯಿಗಿಟ್ಟಳು. ಅರಮನೆಗೆ ಅರಮನೆಯೇ ಉಸಿರು ಬಿಗಿಹಿಡಿದು ನಿಂತಿತು. ಅಜ್ಜಿ ಅಗಿದಳು, ನುಂಗಿದಳು, ಹುಬ್ಬು ಗಂಟಿಕ್ಕಿದಳು.

"ಯಾರೇ ಇದನ್ನ ಮಾಡಿದ್ದು? ಉಪ್ಪು ಒಂದು ಹರಳು ಜಾಸ್ತಿಯಾಯ್ತು."

ಬೊಮ್ಮರಸ ಗಳಗಳನೆ ಅತ್ತುಬಿಟ್ಟ. ನಾಗಲೆ ನಗುತ್ತ ಇನ್ನೊಂದು ತುತ್ತು ಕಲಸಿದಳು. ಮುಂದೆ ಆ ನಾಡಿನಲ್ಲಿ ಬಹುಕಾಲ ಎಲ್ಲರೂ ಸುಖವಾಗಿ ಉಂಡರು, ಬಾಳಜ್ಜಿ ಪ್ರತಿದಿನ ಪ್ರತಿ ಅಡುಗೆಗೂ ಒಂದು ಕೊಂಕು ತೆಗೆದಳು, ಒಬ್ಬರೂ ಬೇಸರಪಡಲಿಲ್ಲ.