ಕಣಿವೆಯಲ್ಲಿ ಬಿಟ್ಟ ಅರ್ಧ ರೊಟ್ಟಿ

೧೮೮೯ನೇ ಇಸವಿ ಡಿಸೆಂಬರ್ ೧೩, ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಲಾಲಬೀ ಕುರುಗೋಡು ಠಾಣೆಗೆ ಬಂದು ಫಿರ್ಯಾದು ಕೊಟ್ಟಳು. ಎತ್ತುಗಳಿಗೆ ಲಾಳ ಬಡಿಯುವ ಅವಳ ಗಂಡ ದಸ್ತಗೀರಸಾಬ್ ಹಿಂದಿನ ದಿನ ಕಣಿವೆ ದಾರಿ ಹಿಡಿದು ಬೆಟ್ಟದಾಚೆಯ ಹಳ್ಳಿಗೆ ಹೊರಟವನು ಸಂಜೆ ಮರಳಿರಲಿಲ್ಲ. ಠಾಣೆ ತಪಾಸಣೆಗೆಂದು ಬಳ್ಳಾರಿಯಿಂದ ಬಂದಿದ್ದ ಇನ್‌ಸ್ಪೆಕ್ಟರ್ ಮಧುಸೂದನರಾಯರು ತಾವೇ ಎದ್ದು ಹೊರಟರು.

ಹತ್ತೂವರೆಗೆ ಕಣಿವೆಯ ಕೆಳಗೆ, ಬಂಡೆಗಳ ನಡುವೆ ಹೆಣ ಸಿಕ್ಕಿತು. ಪಂಚನಾಮೆ ಬರೆಯುವ ಹೊತ್ತಿಗೆ ಪಂಚರೆಲ್ಲ ಕಾಲು ಜಾರಿ ಬಿದ್ದದ್ದೆಂದು ಹೇಳಿ ಮನೆಗೆ ಹೋಗಲು ತುದಿಗಾಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಮೇಲಿನ ಹಾಸುಬಂಡೆಯಿಂದ ಕಾನ್‌ಸ್ಟೇಬಲ್ ಮಾರೆಣ್ಣ ಕೂಗಿ ಕರೆದ. ಅಲ್ಲಿ ಬಿಚ್ಚಿದ ಬುತ್ತಿ ಗಂಟಿತ್ತು, ಅದರಲ್ಲಿ ಇನ್ನೂ ಐದಾರು ರೊಟ್ಟಿ. ಪಕ್ಕದಲ್ಲಿ ಅರ್ಧ ತಿಂದ ಜೋಳದ ರೊಟ್ಟಿಗೆ ಇರುವೆ ಮುತ್ತಿದ್ದವು.

ರಾಯರು ಅಲ್ಲೇ ಕುಳಿತುಬಿಟ್ಟರು. ಧಾತು ಸಂವತ್ಸರದ ಮಹಾಬರ ಕಳೆದು ಹನ್ನೆರಡು ವರ್ಷವಾಗಿತ್ತು. ಅದನ್ನು ಕಂಡ ಸೀಮೆಯಲ್ಲಿ ರೊಟ್ಟಿ ಬಿಟ್ಟೇಳುವವರು ಇರಲಿಲ್ಲ. ತಿನ್ನಲಾಗದಿದ್ದರೆ ಸೆರಗಿಗೋ ರುಮಾಲಿಗೋ ಕಟ್ಟಿಕೊಳ್ಳುತ್ತಿದ್ದರು.

ಆ ದಾರಿಯಲ್ಲಿ ನಡೆದವರನ್ನು ಹುಡುಕಿದಾಗ ಛತ್ರದಲ್ಲಿ ರಾಘಣ್ಣ ಸಿಕ್ಕ. ಬಳ್ಳಾರಿ ಬ್ರೂಸ್‌ಪೇಟೆಯ ಸಾಲೆ ಮಾಸ್ತರ. ಬೆಟ್ಟ ನೋಡಲೆಂದೇ ನಡೆದು ಬಂದವನು. ಅಂಥವರನ್ನು ಕಂಡರೆ ಜನಕ್ಕೆ ಆಗ ನಗು. ದಾರಿಯಲ್ಲಿ ದಸ್ತಗೀರಸಾಬರೂ ಒಬ್ಬ ಕಲ್ಲುಕುಟಿಗನೂ ಜೊತೆಯಾದರಂತೆ. ಮಧ್ಯಾಹ್ನ ಸಾಬರು ಬುತ್ತಿ ಬಿಚ್ಚಿ ಕಲ್ಲುಕುಟಿಗನಿಗೂ ರೊಟ್ಟಿ ಕೊಟ್ಟರು. ಮಡಿವಂತ ರಾಘಣ್ಣ ದೂರ ಕುಳಿತು ತನ್ನ ಅವಲಕ್ಕಿ ತಿಂದು, ನೀರಿನ ಹೊಂಡ ನೋಡಲು ಮುಂದೆ ಹೋದ. ಆಗ ಸಾಬರ ಊಟ ಮುಗಿದಿತ್ತು, ಕಲ್ಲುಕುಟಿಗ ಇನ್ನೂ ತಿನ್ನುತ್ತಿದ್ದ, ಬರದ ಕಾಲದ ಯಾವುದೋ ಮಾತು ನಡೆದಿತ್ತು. ಮತ್ತೆ ಅವರಿಬ್ಬರನ್ನೂ ತಾನು ಕಾಣಲಿಲ್ಲ ಎಂದ.

ಎರಡು ಗಂಟೆಗೆ ರಾಯರು ಲಾಲಬೀಯ ಮನೆಗೆ ಹೋದರು.

"ಒಬ್ಬ ಮನುಷ್ಯಾಗ ಅಷ್ಟು ರೊಟ್ಟಿ ಯಾಕಮ್ಮ?"

"ದಾರ್‍ಯಾಗ ಸಿಕ್ಕವರಿಗೆ ಕೊಡಾಕ್ರಿ. ಬರದಾಗ ನಮ್ಮವ್ರು ಗಂಜಿ ಕ್ಯಾಂಪಿನ ಬಾಗಲಾ ಕಾಯ್ತಿದ್ರು. ಹೊತ್ತು ಮೀರಿ ಬಂದ್ಲಂತ ಒಬ್ಬಾಕಿನ ಒಳಗ ಬಿಡಲಿಲ್ಲ. ಮರುದಿನ ಬಾಗಲಾ ತೆಗೆದ್ರ ಅಲ್ಲೇ ಸತ್ತು ಬಿದ್ದಿದ್ಲು. ಅವತ್ತಿನಿಂದ ಒಬ್ರೇ ಕುಂತು ಉಣ್ಣಲಿಲ್ರಿ."

ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ರಾಘಣ್ಣ ಗುರುತು ಹಿಡಿದವನು ಜಂಬಣ್ಣ, ಅರವತ್ತರ ಮುದುಕ. ಓಡಲಿಲ್ಲ.

"ರೊಟ್ಟಿ ಯಾಕ ಬಿಟ್ಟಿ?" ರಾಯರು ಕೇಳಿದ್ದು ಅಷ್ಟೇ.

ಜಂಬಣ್ಣ ಉಳಿ ಕೆಳಗಿಟ್ಟ. "ಗಂಟಲಾಗ ಇಳೀಲಿಲ್ರಿ. ಕಾಲು ಕುಂಟು, ಗದ್ದದ ಮ್ಯಾಲ ಮೂರು ಹಚ್ಚಿ ಚುಕ್ಕಿ, ಅಂಥಾಕಿನ ಬಾಗಲಾಗ ನಿಲ್ಲಿಸಿದ್ದೆ ಅಂದ ಆ ಸಾಬ. ಆಕಿ ನನ್ನ ಮಗಳು ಸುಂಕಮ್ಮ. ಕಾಲು ಎಳಕೊಂತ ಬರೂದಕ್ಕ ಹೊತ್ತಾಗಿತ್ರಿ ಆಕಿಗೆ."

ಮಗಳು ಕ್ಯಾಂಪು ಮುಟ್ಟಿದಳೋ ಇಲ್ಲವೋ ಎಂಬುದೇ ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಎದ್ದವನೇ ಸಾಬರನ್ನು ಎರಡೂ ಕೈಯಿಂದ ನೂಕಿದ್ದ. ನಾಲ್ಕೂ ಇಪ್ಪತ್ತಕ್ಕೆ ದಸ್ತಗಿರಿಯಾಯಿತು. ಬೇಡಿಯನ್ನು ಮಾರೆಣ್ಣ ಸಡಿಲವಾಗಿ ಹಾಕಿದ. ಅದೇ ಬರದಲ್ಲಿ ಅವನೂ ತನ್ನ ಮನೆಯ ಇಬ್ಬರನ್ನು ಮಣ್ಣು ಮಾಡಿದ್ದ.

ಠಾಣೆಯ ದಾರಿಯಲ್ಲಿ ರಾಯರು ಲಾಲಬೀ ಹೇಳಿದ್ದನ್ನು, ಅವತ್ತಿನಿಂದ ಸಾಬರು ಒಬ್ಬರೇ ಕೂತು ಉಣ್ಣಲಿಲ್ಲವೆಂಬುದನ್ನು, ಜಂಬಣ್ಣನಿಗೆ ಹೇಳಿದರು. ಹೇಳಬಾರದಿತ್ತೋ ಏನೋ. ಆದರೆ ಮುಚ್ಚಿಡಲು ಅವರಿಂದಾಗಲಿಲ್ಲ.

 ಠಾಣೆಯ ಮೆಟ್ಟಿಲ ಬಳಿ ಬಂದಾಗ ಜಂಬಣ್ಣ ನಿಂತ.

"ಆ ಸಾಬ ಇನ್ನೂ ಹೇಳಾಕ ಹತ್ತಿದ್ದರಿ," ಎಂದ. "ನಾನ ಪೂರಾ ಕೇಳಲಿಲ್ಲ."