ಕೋಪದ ಬೀಸಣಿಗೆ

"ನನ್ನ ಫ್ಯಾನ್ ಎಲ್ಲಿ?"

ತೈನಾನ್‌ನ ಆ ಪುಟ್ಟ ಗ್ಯಾರೇಜಿನಲ್ಲಿ ಯಾ-ಚಿನ್ ಕಾರಿನ ಬಾನೆಟ್ ಎತ್ತಿ ಹಿಡಿದು ನಿಂತಿದ್ದಳು. ರೇಡಿಯೇಟರ್ ಹಿಂದೆ ಕೂತಿದ್ದದ್ದು ಅವಳು ಆರಿಸಿ ತಂದ ದೊಡ್ಡ ಎಲೆಕ್ಟ್ರಿಕ್ ಫ್ಯಾನ್ ಅಲ್ಲ. ಊಟದ ತಟ್ಟೆಯಷ್ಟಗಲದ ಇನ್ಯಾವುದೋ ಪುಟ್ಟದು.

ಮೆಕ್ಯಾನಿಕ್ ಕುನ್-ಶಾನ್ ಕೈ ಒರೆಸಿಕೊಂಡ. "ಅದು ಕೂರಲಿಲ್ಲ ಮೇಡಂ. ಇದನ್ನ ಹಾಕಿದೆ. ನಿಮ್ಮ ತಂದೆಯವರನ್ನ ಕೇಳಿದೆ, ಹೂಂ ಅಂದ್ರು."

ಅಷ್ಟೇ ಸಾಕಾಯಿತು.

"ಫ್ಯಾನ್ ತಂದೋಳು ನಾನು. ಕಾರು ಓಡಿಸೋಳು ನಾನು. ನೀವು ಕೇಳಿದ್ದು ಅಪ್ಪನ್ನ?"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಲೋಟದೊಳಗೇ ಮುಖ ಹುದುಗಿಸಿದರು.

ಕೋಪ ಬರದೇ ಇರುತ್ತದೆಯೇ, ನೀವೇ ಹೇಳಿ... ಭಾನುವಾರ ತಂಗಿ ಹುಯಿ-ಜೆನ್‌ಳ ಮದುವೆ. ಅಪ್ಪನ ಈ ಹಳೆಯ ಕಾರಿನಲ್ಲೇ ಗಂಡನ ಮನೆಗೆ ಹೋಗಬೇಕೆಂಬುದು ಅವಳ ಆಸೆ. ಮೆರವಣಿಗೆ ನಿಧಾನಕ್ಕೆ ತೆವಳುತ್ತದೆ, ಈ ಕಾರು ಕುದಿಯುವುದೂ ಆಗಲೇ. ಬಾನೆಟ್ಟಿನಿಂದ ಆವಿ ಎದ್ದರೆ ಮದುಮಗಳನ್ನು ನಡುಬೀದಿಯಲ್ಲಿ ಇಳಿಸಿ ಬೇರೆ ಕಾರು ಹತ್ತಿಸಬೇಕು. "ಆ ಡಬ್ಬಾ ಯಾಕೆ?" ಎಂದು ಬೀಗರು ಆಗಲೇ ಮೂಗು ಮುರಿದಿದ್ದರು.

ಯಾ-ಚಿನ್‌ಗೆ ಇನ್ನೊಂದು ಉರಿಯೂ ಇತ್ತು. 'ಹುಡುಗಿಗೆ ಕೋಪ ಜಾಸ್ತಿ' ಎಂದು ಅವಳ ಎರಡು ಸಂಬಂಧ ತಪ್ಪಿಹೋಗಿದ್ದವು. ಕಾರು ಕಾದರೆ ಫ್ಯಾನ್ ಹಾಕುತ್ತಾರೆ, ಹೆಣ್ಣು ಕಾದರೆ ಅವಳದೇ ತಪ್ಪು ಅನ್ನುತ್ತಾರೆ... ಇದ್ಯಾವ ನ್ಯಾಯ?

"ಯಾಕೆ ಕೂರಲಿಲ್ಲ? ನನಗೆ ತೋರಿಸಿ."

ಅವನು ರೇಡಿಯೇಟರ್ ಮತ್ತು ಎಂಜಿನ್ ನಡುವೆ ಕೈ ಇಳಿಬಿಟ್ಟ. "ಇಲ್ಲಿ ಎರಡು ಬೆರಳು ಜಾಗ. ನಿಮ್ಮ ಫ್ಯಾನ್ ನಾಲ್ಕು ಬೆರಳು ದಪ್ಪ."

"ಇದನ್ನ ನನಗೇ ಹೇಳ್ಬಹುದಿತ್ತಲ್ಲ? ನನಗೂ ಬೆರಳಿದೆ."

ಅವಳೂ ಕೈ ತೂರಿಸಿದಳು. ಗ್ರೀಸ್ ಮೆತ್ತಿದ ಅವನ ಬೆರಳು ತಾಕಿತು. ಅವನು ಗಾಬರಿಯಾಗಿ ಕೈ ತೆಗೆದ. ಅವಳು ತೆಗೆಯಲಿಲ್ಲ. ಅಳತೆ ನೋಡಬೇಕಿತ್ತು... ಹಾಗಂತ ತನಗೆ ತಾನೇ ಹೇಳಿಕೊಂಡಳು.

"ಹಿಂದೆ ಜಾಗ ಇಲ್ಲ, ಸರಿ. ಮುಂದೆ ಇದೆಯಲ್ಲ?"

"ಮುಂದೆ ಹಾಕಿದ್ರೆ ಅದು ಗಾಳಿ ಎಳೆಯೋದಲ್ಲ, ತಳ್ಳಬೇಕು. ರೆಕ್ಕೆ ಮಗುಚಿ ಹಾಕಿ, ವೈರ್ ಅದಲುಬದಲು ಮಾಡ್ಬೇಕು. ಇಡೀ ದಿನದ ಕೆಲಸ. ತಡ ಆಗುತ್ತೆ ಅಂದ್ರೆ ನೀವು ರೇಗ್ತೀರಿ ಅಂತ..."

"ಅಂದ್ರೆ ನನ್ನ ಬಾಯಿಗೆ ಹೆದರಿ ನನ್ನ ತಂಗೀನ ಬೀದೀಲಿ ನಿಲ್ಲಿಸ್ತಿದ್ರಿ."

ಅವನು ತಲೆ ತಗ್ಗಿಸಿದ. "ಹೌದು. ತಪ್ಪಾಯ್ತು."

ಇಷ್ಟು ಬೇಗ ತಪ್ಪೊಪ್ಪಿಕೊಂಡ ಗಂಡಸನ್ನು ಅವಳು ನೋಡಿಯೇ ಇರಲಿಲ್ಲ. ಬೈಯುವುದು ಬಿಟ್ಟು ತೋಳು ಮಡಚಿದಳು.

ಇಬ್ಬರೂ ಕೆಲಸಕ್ಕೆ ಇಳಿದರು. ಅವಳು ಮುಂದಿನ ಜಾಲರಿ ಬಿಚ್ಚಿ, ರೆಕ್ಕೆ ಮಗುಚಿದಳು. ಅವನು ಫ್ಯಾನ್ ಕೂರಿಸಿ ಬಿಗಿ ಮಾಡಿದ. ವೈರ್ ಜೋಡಿಸಿದವಳು ಅವಳೇ. ಎಂಜಿನ್ ಕಾಯಿತು, ಫ್ಯಾನ್ ತಿರುಗಿತು... ಬಿಸಿಗಾಳಿ ನೇರ ಅವಳ ಮುಖಕ್ಕೇ ರಾಚಿ ಕೂದಲೆಲ್ಲ ಕೆದರಿತು.

"ಉಲ್ಟಾ ತಿರುಗ್ತಿದೆ. ನಾನು ವೈರ್ ಜೋಡಿಸುವಾಗ ನೋಡಿದ್ರಿ ಅಲ್ವಾ?"

"ನೋಡಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಕೋಪ..."

"ಬರಲಿ ಬಿಡಿ. ಬಂದ ಕೋಪ ಹೋಗುತ್ತೆ. ಮುಚ್ಚಿಟ್ರೆ ಕಾರು ಕುದಿಯುತ್ತೆ."

ಅವನು ಮೊದಲ ಸಲ ನಕ್ಕ. "ಹಾಗಾದ್ರೆ ಹೇಳಿಬಿಡ್ತೀನಿ. ನೀವು ಹಾಕಿದ ರೆಕ್ಕೆಯ ನಟ್ಟೂ ಸಡಿಲ ಇದೆ."

ಅವಳಿಗೆ ಸಿಟ್ಟು ಬಂತು. ಅದರ ಹಿಂದೆಯೇ ನಗುವೂ ಬಂತು.

ನಟ್ಟು ಬಿಗಿದು, ವೈರ್ ಬದಲಿಸಿ, ಜಾಲರಿ ಮತ್ತೆ ಕೂರಿಸಿದರು. ಅದರ ಮುಂದೆ ಅವಳು ಹಿಡಿದ ಕರವಸ್ತ್ರ ಗಾಳಿಯ ಸೆಳೆತಕ್ಕೆ ಗಪ್ಪೆಂದು ಅಂಟಿಕೊಂಡಿತು.

ಭಾನುವಾರ ಪಟಾಕಿಯ ಹೊಗೆಯಲ್ಲಿ ಕಾರು ಹೊರಟಿತು. "ಮದುಮಗಳ ಕಾರಿನ ಹಿಂದೆ ಚೆಲ್ಲೋ ಶಾಸ್ತ್ರದ ನೀರನ್ನ ರೇಡಿಯೇಟರ್‌ಗೇ ಹುಯ್ಯಿರಿ," ಎಂದು ಅತ್ತೆಯೊಬ್ಬರು ಕುಟುಕಿದರು. ಯಾ-ಚಿನ್ ಹಲ್ಲು ಕಚ್ಚಿ ಓಡಿಸಿದಳು. ಪಕ್ಕದಲ್ಲಿ ಕೂತ ಕುನ್-ಶಾನ್‌ನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ.

ಬೀದಿಯ ತಿರುವಿನಲ್ಲಿ ಹುಯಿ-ಜೆನ್ ಕಿಟಕಿ ಇಳಿಸಿ ಕೈಯಲ್ಲಿದ್ದ ಬೀಸಣಿಗೆಯನ್ನು ಹೊರಗೆಸೆದಳು. ಕೋಪತಾಪವನ್ನೆಲ್ಲ ತವರಲ್ಲೇ ಬಿಟ್ಟೆ ಎಂದು ಪ್ರತಿ ಮದುಮಗಳೂ ಹೀಗೆ ಎಸೆಯಬೇಕು, ಅದು ಅಲ್ಲಿನ ಶಾಸ್ತ್ರ.

"ಮದುಮಗನ ಕೋಪ ಯಾರು ಎಸೀತಾರೆ?" ಎಂದಳು ಯಾ-ಚಿನ್. ಹಿಂದೆ ಕೂತ ಮದುಮಗ ಕೆಮ್ಮಿದ.

ಮುಳ್ಳು ನಡುವಿನಿಂದ ಮೇಲೇರಲೇ ಇಲ್ಲ. ಹುಯಿ-ಜೆನ್ ಅಪ್ಪನ ಕಾರಿನಿಂದಲೇ ಗಂಡನ ಮನೆಯಂಗಳಕ್ಕೆ ಇಳಿದಳು.

ಎಲ್ಲರೂ ಒಳಗೆ ಹೋದರು. ಎಂಜಿನ್ ಆರಿಸಿದ್ದರೂ ಫ್ಯಾನ್ ಇನ್ನೂ ತಿರುಗುತ್ತಿತ್ತು.

"ನಿಮ್ಮ ಮದುವೇಲಿ ನೀವು ಬೀಸಣಿಗೆ ಎಸೀಬೇಡಿ," ಎಂದ ಕುನ್-ಶಾನ್.

"ಯಾಕೆ?"

"ಆ ಕೋಪ ನನಗೆ ಬೇಕು. ಜೊತೇಲೇ ತನ್ನಿ... ನನ್ನ ಮನೆಗೆ."

ಅವಳ ಕಣ್ಣು ತುಂಬಿತು. ಎರಡು ಮನೆಯವರು ಬೇಡವೆಂದು ಬಿಟ್ಟುಹೋದದ್ದನ್ನು ಇವನು ಕೇಳುತ್ತಿದ್ದಾನೆ! ಆದರೂ ದನಿ ಗಡುಸು ಮಾಡಿಕೊಂಡಳು.

"ಇದಕ್ಕೂ ಅಪ್ಪನ ಹತ್ರ ಹೂಂ ಅನ್ನಿಸ್ಕೊಂಡು ಬಂದ್ರಾ?"

"ಇಲ್ಲ. ಮೊದಲು ನಿಮ್ಮನ್ನೇ ಕೇಳ್ತಿದ್ದೀನಿ."

ಫ್ಯಾನ್ ನಿಂತಿತು.

"ಹೂಂ," ಅಂದಳು ಯಾ-ಚಿನ್.